ದಿಲ್ಲಿಗೆ ಕೇಳುವ ಪ್ರಶ್ನೆಯನ್ನು ಮಡಿಕೇರಿ ಕೇಳಿದರೆ?

ಕ್ಷೇತ್ರ ಪುನರ್‌ವಿಂಗಡಣೆ ಎಂದ ಕೂಡಲೇ ನಮ್ಮಲ್ಲಿ ದನಿ ಏರುವುದು ಲೋಕಸಭೆಯ ಲೆಕ್ಕಕ್ಕೆ. ಉತ್ತರ ಪ್ರದೇಶಕ್ಕೆ ಎಷ್ಟು ಸೀಟು ಹೆಚ್ಚುತ್ತದೆ, ಬಿಹಾರಕ್ಕೆ ಎಷ್ಟು, ನಮ್ಮ 28ರ ಗತಿ ಏನು. ಕುಟುಂಬ ಯೋಜನೆಯನ್ನು ಮನಸ್ಸಿಟ್ಟು ಪಾಲಿಸಿದ ರಾಜ್ಯಕ್ಕೆ ಇದೇನಾ ಬಹುಮಾನ ಎಂಬ ಪ್ರಶ್ನೆ ಭಾಷಣಗಳಲ್ಲೂ ಟಿವಿ ಚರ್ಚೆಗಳಲ್ಲೂ ಕೇಳಿ ಕೇಳಿ ಬಾಯಿಪಾಠವಾಗಿದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಜನಗಣತಿಯ ಅಂಕಿ ಇಟ್ಟುಕೊಂಡು ಎಳೆಯುವ ಗೆರೆ ಅದೊಂದೇ ಅಲ್ಲ. ರಾಜ್ಯದ ಒಳಗಿನ 224 ವಿಧಾನಸಭಾ ಕ್ಷೇತ್ರಗಳ ಗಡಿಯನ್ನೂ ಅದೇ ಅಂಕಿಯಿಂದ, ಅದೇ ಆಯೋಗ ಹೊಸದಾಗಿ ಬರೆಯುತ್ತದೆ. ಆ ಬಗ್ಗೆ ಮಾತೇ ಇಲ್ಲ. ಮಾತು ಶುರುವಾಯಿತೋ, ಕರ್ನಾಟಕ ದಿಲ್ಲಿಗೆ ಕೇಳುತ್ತಿರುವುದನ್ನೇ ಕೊಡಗು, ಚಿಕ್ಕಮಗಳೂರು, ಉಡುಪಿಯವರು ಬೆಂಗಳೂರಿಗೆ ಕೇಳಬೇಕಾಗುತ್ತದೆ. ಮೌನಕ್ಕೆ ಇದೂ ಒಂದು ಕಾರಣ ಇದ್ದೀತು.

ಲೆಕ್ಕ ನಡೆಯುವ ಬಗೆಯನ್ನು ಹಿಂದಿನ ವಿಂಗಡಣೆಯಲ್ಲೇ ನೋಡೋಣ. ಈಗಲೂ ನಾವು ಮತ ಹಾಕುತ್ತಿರುವುದು ಅದರ ಗಡಿಯೊಳಗೇ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ 2002ರಲ್ಲಿ ಆಯೋಗ ರಚನೆಯಾಯಿತು. ಅದರ ಆದೇಶಗಳು 2008ರ ಫೆಬ್ರುವರಿಯಲ್ಲಿ ಜಾರಿಗೆ ಬಂದವು. ಮೂರೇ ತಿಂಗಳಿಗೆ, ಅದೇ ಮೇ ತಿಂಗಳಲ್ಲಿ, ಹೊಸ ಗಡಿಗಳ ಮೇಲೆ ಚುನಾವಣೆ ಎದುರಿಸಿದ ಮೊದಲ ದೊಡ್ಡ ರಾಜ್ಯ ಕರ್ನಾಟಕ. ಆಯೋಗದ ಕೈಯಲ್ಲಿದ್ದದ್ದು 2001ರ ಜನಗಣತಿ. ಅದರ ಪ್ರಕಾರ ರಾಜ್ಯದ ಜನಸಂಖ್ಯೆ 5,28,50,562. ಸೀಟಿನ ಸಂಖ್ಯೆ 224. ಅದನ್ನು ಮುಟ್ಟುವ ಅಧಿಕಾರ ಆಯೋಗಕ್ಕೆ ಇರಲಿಲ್ಲ. ಭಾಗಿಸಿದರೆ ಒಂದು ಕ್ಷೇತ್ರಕ್ಕೆ ಸರಾಸರಿ 2,35,940 ಜನ. ಮುಂದಿನದೆಲ್ಲ ಈ ಸಂಖ್ಯೆಯ ಆಟ. ಮೊದಲು ಜಿಲ್ಲೆಗೆ ಎಷ್ಟು ಸೀಟು ಎಂದು ನಿಗದಿ ಮಾಡುತ್ತಾರೆ, ಆಮೇಲೆ ಜಿಲ್ಲೆಯೊಳಗೆ ಗೆರೆ ಎಳೆಯುತ್ತಾರೆ. ಕ್ಷೇತ್ರಗಳು ಆದಷ್ಟೂ ಜಿಲ್ಲೆಯ ಗಡಿ ದಾಟಬಾರದು, ಸರಾಸರಿಗಿಂತ ಶೇ 10ರಷ್ಟು ಆಚೀಚೆ ಆದರೆ ಅಡ್ಡಿಯಿಲ್ಲ.

ಕೊಡಗಿನ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡಿ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 5,48,561. ಅದನ್ನು 2,35,940ರಿಂದ ಭಾಗಿಸಿದರೆ 2.33. ಅರ್ಧ ಮುಟ್ಟದ ಭಾಗಕ್ಕೆ ಸೀಟು ಇಲ್ಲ. ಮೂವರು ಶಾಸಕರಿದ್ದ ಜಿಲ್ಲೆಗೆ ಇಬ್ಬರಾದರು. ಸೋಮವಾರಪೇಟೆ ಕ್ಷೇತ್ರ ನಕಾಶೆಯಿಂದ ಅಳಿಸಿಹೋಗಿ ಮಡಿಕೇರಿ, ವಿರಾಜಪೇಟೆ ಉಳಿದವು. ಉಳಿದ ಎರಡರಲ್ಲಿ ತಲಾ ಸುಮಾರು 2.74 ಲಕ್ಷ ಜನ, ಅಂದರೆ ರಾಜ್ಯದ ಸರಾಸರಿಗಿಂತ ಶೇ 16ರಷ್ಟು ಹೆಚ್ಚು. ಮೂರು ಕೊಟ್ಟಿದ್ದರೆ ಸರಾಸರಿಗಿಂತ ತೀರಾ ಕಡಿಮೆಯಾಗುತ್ತಿತ್ತು, ನಿಜ. ಎರಡು ಕೊಟ್ಟರೆ ಅತಿ, ಮೂರು ಕೊಟ್ಟರೆ ಕಮ್ಮಿ ಎಂಬ ಇಕ್ಕಟ್ಟಿನಲ್ಲಿ ಜಿಲ್ಲೆಯ ಗಡಿ ದಾಟದೆ ದಾರಿಯಿಲ್ಲ, ಗಡಿ ದಾಟಬಾರದು. ಸಣ್ಣ ಜಿಲ್ಲೆಯ ಪಾಡೇ ಹೀಗೆ. ಹತ್ತು ಹದಿನೈದು ಸೀಟಿನ ಜಿಲ್ಲೆಯಲ್ಲಿ ಭಿನ್ನರಾಶಿಯನ್ನು ಎಲ್ಲ ಕ್ಷೇತ್ರಗಳಿಗೂ ಹಂಚಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. 1956ರವರೆಗೆ ಇದೇ ಕೊಡಗಿಗೆ 24 ಸದಸ್ಯರ ಸ್ವಂತ ವಿಧಾನಸಭೆ ಇತ್ತು, ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿಯಾಗಿದ್ದರು. ಆ ನೆನಪು ಇರುವವರಿಗೆ ಮೂರರಿಂದ ಎರಡಕ್ಕೆ ಇಳಿದದ್ದು ಬರೀ ಗಣಿತವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಅತ್ತ ಬೆಂಗಳೂರು ನಗರ ಜಿಲ್ಲೆಯಲ್ಲಿ 65,37,124 ಜನ. ಭಾಗಿಸಿದರೆ 27.7. ಆನೇಕಲ್, ಯಲಹಂಕವೂ ಸೇರಿ 16 ಇದ್ದ ಕ್ಷೇತ್ರಗಳು ಒಂದೇ ಏಟಿಗೆ 28 ಆದವು. ಬಿನ್ನಿಪೇಟೆ, ಜಯಮಹಲ್, ಭಾರತಿನಗರ ಎಂಬ ಹಳೆಯ ಹೆಸರುಗಳು ಹೋಗಿ ಬಿಟಿಎಂ ಲೇಔಟ್, ಮಹದೇವಪುರ, ಸರ್ವಜ್ಞನಗರ, ಪುಲಿಕೇಶಿನಗರ ಬಂದವು. ಒಟ್ಟು ಸೀಟು ಹೆಚ್ಚದಿರುವಾಗ ಈ ಹನ್ನೆರಡು ಎಲ್ಲಿಂದಲೋ ಬರಬೇಕಲ್ಲ? ಮಂಡ್ಯ 9ರಿಂದ 7ಕ್ಕೆ ಇಳಿಯಿತು, ತುಮಕೂರು 13ರಿಂದ 11ಕ್ಕೆ. ಹಾಸನ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ, ಕೊಡಗು ಒಂದೊಂದು ಕಳೆದುಕೊಂಡವು. ಕಿರುಗಾವಲು, ಕೆರಗೋಡು, ಹುಲಿಯೂರುದುರ್ಗ, ಬೆಳ್ಳಾವಿ, ಗಂಡಸಿ, ಬೀರೂರು, ಬ್ರಹ್ಮಾವರ, ವಿಟ್ಲ: ಒಂದು ಕಾಲಕ್ಕೆ ಚುನಾವಣಾ ಫಲಿತಾಂಶದ ದಿನ ರೇಡಿಯೊದಲ್ಲಿ ಕೇಳಿಬರುತ್ತಿದ್ದ ಹೆಸರುಗಳು. ಈಗಿನ ಹುಡುಗರಿಗೆ ಅವು ಕ್ಷೇತ್ರಗಳಾಗಿದ್ದವು ಎಂದರೆ ನಂಬಿಸಬೇಕು.

ಕ್ಷೇತ್ರ ಹೋದರೂ ನಾಯಕರಿಗೆ ಕ್ಷೇತ್ರ ಸಿಗುತ್ತದೆ. ಸಾತನೂರು ಇಲ್ಲವಾದಾಗ ಡಿ.ಕೆ. ಶಿವಕುಮಾರ್ ಕನಕಪುರಕ್ಕೆ ಬಂದರು, ಕಳ್ಳಂಬೆಳ್ಳ ಹೋದಾಗ ಟಿ.ಬಿ. ಜಯಚಂದ್ರ ಶಿರಾಕ್ಕೆ, ಅಂಕೋಲಾ ಹೋದಾಗ ವಿಶ್ವೇಶ್ವರ ಹೆಗಡೆ ಕಾಗೇರಿ ಶಿರಸಿಗೆ. ಸಿದ್ದರಾಮಯ್ಯನವರಿಗೆ ಚಾಮುಂಡೇಶ್ವರಿಯ ಪಕ್ಕದಲ್ಲೇ ವರುಣಾ ಎಂಬ ಹೊಸ ಕ್ಷೇತ್ರ ಹುಟ್ಟಿಕೊಂಡಿತು. ಕಷ್ಟವಾಗುವುದು ಊರಿಗೆ. ಹೊಸನಗರವನ್ನೇ ನೋಡಿ. ಹರತಾಳು ಹಾಲಪ್ಪ ಅಲ್ಲಿನ ಕೊನೆಯ ಶಾಸಕ. 2008ರಲ್ಲಿ ಅವರು ಸೊರಬಕ್ಕೆ ಹೋಗಿ ಗೆದ್ದರು. ತಾಲ್ಲೂಕಿನ ಒಂದು ಪಾಲು ಸಾಗರ ಕ್ಷೇತ್ರಕ್ಕೂ ಇನ್ನೊಂದು ಪಾಲು ತೀರ್ಥಹಳ್ಳಿಗೂ ಸೇರಿತು. ಲಿಂಗನಮಕ್ಕಿಯ ಹಿನ್ನೀರು ಆ ತಾಲ್ಲೂಕಿನ ಊರುಗಳನ್ನು ನುಂಗಿತ್ತು, ಮಾಣಿ, ಚಕ್ರಾ, ಸಾವೆಹಕ್ಲು ಜಲಾಶಯಗಳೂ ಅಲ್ಲೇ ಇವೆ. ಮುಳುಗಡೆಯಾಗಿ ಜನ ಚದುರಿಹೋದದ್ದೊಂದೇ ಕ್ಷೇತ್ರ ಹೋಗಲು ಕಾರಣ ಎನ್ನಲಾಗದು. ಆದರೂ ನಾಡಿಗೆಲ್ಲ ಕರೆಂಟು ಕೊಡಲು ನೆಲ ಬಿಟ್ಟುಕೊಟ್ಟ ತಾಲ್ಲೂಕು ತಲೆಯೆಣಿಕೆಯಲ್ಲಿ ಸೋತು ಹೆಸರನ್ನೂ ಬಿಟ್ಟುಕೊಡಬೇಕಾಯಿತು. ತಹಶೀಲ್ದಾರರು ಒಬ್ಬರೇ, ಶಾಸಕರು ಇಬ್ಬರು. ಇಬ್ಬರ ಮುಖ್ಯ ಊರೂ ಬೇರೆ ತಾಲ್ಲೂಕಿನಲ್ಲಿ.

ಗೆರೆ ಎಳೆಯುವಾಗ ಇಟ್ಟಿಗೆಯಂತೆ ಬಳಕೆಯಾಗುವುದು ನಮ್ಮ ಹೋಬಳಿ. ಜನಗಣತಿ ಕೊಡುವ ಹಳ್ಳಿವಾರು ಅಂಕಿಗಳನ್ನು ಕೂಡಿಸಿ ಹೋಬಳಿಯ ಮೊತ್ತ ತೆಗೆಯುತ್ತಾರೆ, ಹೋಬಳಿಗಳನ್ನು ಒಂದಕ್ಕೊಂದು ಕೂಡಿಸುತ್ತ 2.35 ಲಕ್ಷದ ಹತ್ತಿರಕ್ಕೆ ಬರುತ್ತಾರೆ. ನಗರದಲ್ಲಿ ಹೋಬಳಿಯ ಬದಲು ವಾರ್ಡು. ಗೆರೆ ಉತ್ತರ, ವಾಯವ್ಯದ ಕಡೆಯಿಂದ ಶುರುವಾಗಿ ದಕ್ಷಿಣದ ಕಡೆಗೆ ಸಾಗಬೇಕು ಎಂಬುದು ಆಯೋಗದ ಕ್ರಮ. ಮಹಾರಾಷ್ಟ್ರದ ಅಂಚಿನ ನಿಪ್ಪಾಣಿ 1ನೇ ಕ್ಷೇತ್ರ, ತಮಿಳುನಾಡು ಕೇರಳದ ಅಂಚಿನ ಗುಂಡ್ಲುಪೇಟೆ 224ನೇ ಕ್ಷೇತ್ರ ಆದದ್ದು ಹೀಗೆ. ಇನ್ನೊಂದು ಕಟ್ಟುಪಾಡೂ ಇದೆ: ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಬರಬೇಕು. ನಮ್ಮಲ್ಲಿ ಎಂಟೆಂಟು ವಿಧಾನಸಭಾ ಕ್ಷೇತ್ರಗಳಿಗೆ ಒಂದು ಲೋಕಸಭೆ, 28 ಎಂಟಲೆ 224. ಮಂಗಳೂರು ಲೋಕಸಭೆಯಲ್ಲಿದ್ದ ಕೊಡಗು ಈ ಹೊಂದಾಣಿಕೆಯಲ್ಲೇ ಘಟ್ಟ ಹತ್ತಿ ಮೈಸೂರಿನ ಜೊತೆ ಸೇರಿತು.

ಮೀಸಲು ಕ್ಷೇತ್ರಗಳ ಲೆಕ್ಕವೂ ಇದೇ ಜನಗಣತಿಯದು. ಬಹಳ ಜನ ಗಮನಿಸದ, ಆದರೆ ಕಲ್ಯಾಣ ಕರ್ನಾಟಕದ ರಾಜಕೀಯವನ್ನೇ ಬದಲಿಸಿದ ಭಾಗ ಇದು. 2008ಕ್ಕೆ ಮುಂಚೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು ಎರಡೇ ಎರಡು. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಪಂಗಡದ ಪಟ್ಟಿಗೆ ಸೇರಿದವು. 2001ರ ಎಣಿಕೆಯಲ್ಲಿ ಪಂಗಡದ ಜನಸಂಖ್ಯೆ 34,63,986, ಅಂದರೆ ರಾಜ್ಯದ ಶೇ 6.55. ಅದನ್ನು 224ಕ್ಕೆ ಅನ್ವಯಿಸಿದರೆ 14.68, ಕ್ಷೇತ್ರಗಳು 15 ಆದವು. ಆಗಿನ ಬಳ್ಳಾರಿ ಜಿಲ್ಲೆಯೊಂದರಲ್ಲೇ ಐದು. ಪರಿಶಿಷ್ಟ ಜಾತಿಯದು ಶೇ 16.2, ಹಾಗಾಗಿ 33ರಿಂದ 36. ಪಂಗಡದ ಸೀಟುಗಳು ಅವರ ಪ್ರಮಾಣ ಅತಿ ಹೆಚ್ಚಿರುವ ಕಡೆಯೇ ಇರಬೇಕು. ಜಾತಿಯ ಸೀಟುಗಳನ್ನು ಪ್ರಮಾಣ ಹೆಚ್ಚಿರುವ ಪ್ರದೇಶಗಳನ್ನು ನೋಡಿಕೊಂಡು ರಾಜ್ಯದ ಬೇರೆ ಬೇರೆ ಭಾಗಗಳಿಗೆ ಹಂಚಬೇಕು. ಈ ಹಂಚಿಕೆಯಲ್ಲಿ ಗುರುಮಠಕಲ್ ಸಾಮಾನ್ಯ ಕ್ಷೇತ್ರವಾಯಿತು. ಅಲ್ಲಿ 1972ರಿಂದ ಸತತ ಎಂಟು ಸಲ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆ ಒಂಬತ್ತನೆಯ ಗೆಲುವಿಗೆ ಚಿತ್ತಾಪುರಕ್ಕೆ ಹೋಗಬೇಕಾಯಿತು.

ಇಷ್ಟೆಲ್ಲ ಅಲ್ಲೋಲಕಲ್ಲೋಲ ಒಂದೇ ಸಲಕ್ಕೆ ಆದದ್ದು ಏಕೆ? ಮೂವತ್ತು ವರ್ಷ ಮುಂದೂಡಿದ್ದಕ್ಕೆ. ಪ್ರತಿ ಜನಗಣತಿಯ ನಂತರ ಕ್ಷೇತ್ರಗಳನ್ನು ಸರಿಹೊಂದಿಸಬೇಕು ಎಂದು ಸಂವಿಧಾನದ 170ನೇ ವಿಧಿ ಹೇಳುತ್ತದೆ. 1976ರ 42ನೇ ತಿದ್ದುಪಡಿ ಅದಕ್ಕೆ ಬೀಗ ಜಡಿಯಿತು. ಕುಟುಂಬ ಯೋಜನೆಯಲ್ಲಿ ಮುಂದಿರುವ ರಾಜ್ಯಗಳು ಸೀಟು ಕಳೆದುಕೊಳ್ಳಬಾರದು ಎಂಬ ಉದ್ದೇಶಕ್ಕೆ ರಾಜ್ಯ ರಾಜ್ಯಗಳ ನಡುವಿನ ಸೀಟಿನ ಸಂಖ್ಯೆಯನ್ನು ಸ್ಥಗಿತಗೊಳಿಸಿದ್ದರೆ ಸಾಕಿತ್ತು. ರಾಜ್ಯದ ಒಳಗಿನ ಗಡಿಗಳನ್ನೂ 1971ರ ಅಂಕಿಗೆ ಕಟ್ಟಿಹಾಕಿದ್ದು ಯಾವ ಪುರುಷಾರ್ಥಕ್ಕೆ ಎಂಬುದಕ್ಕೆ ಇವತ್ತಿಗೂ ನನಗೆ ಒಪ್ಪುವಂಥ ಉತ್ತರ ಸಿಕ್ಕಿಲ್ಲ. 1971ರಲ್ಲಿ ಸುಮಾರು 16.5 ಲಕ್ಷ ಇದ್ದ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 2001ಕ್ಕೆ 57 ಲಕ್ಷ ದಾಟಿತು. ಗಡಿ ಮಾತ್ರ ಕದಲಲಿಲ್ಲ. ನಗರದ ದಕ್ಷಿಣದ ಅಂಚಿನ ಉತ್ತರಹಳ್ಳಿ ಕ್ಷೇತ್ರ ಬಡಾವಣೆ ಮೇಲೆ ಬಡಾವಣೆ ನುಂಗಿ ರಾಜ್ಯದಲ್ಲೇ ಅತಿದೊಡ್ಡದಾಗಿ ಊದಿಕೊಂಡಿತು. ಆರ್. ಅಶೋಕ ಅಲ್ಲಿಂದ ಗೆಲ್ಲುತ್ತಿದ್ದರು. 2008ರಲ್ಲಿ ಅದನ್ನು ಒಡೆದಾಗ ಪದ್ಮನಾಭನಗರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ಎಂಬ ಕ್ಷೇತ್ರಗಳೇ ಎದ್ದವು. ಅಲ್ಲಿಯವರೆಗೆ ಉತ್ತರಹಳ್ಳಿಯವರ ಒಂದು ಮತಕ್ಕೂ ಚಿಕ್ಕಪೇಟೆಯವರ ಒಂದು ಮತಕ್ಕೂ ಒಂದೇ ತೂಕ ಇತ್ತು ಎಂದು ಯಾರೂ ಹೇಳಲಾರರು.

ಗಡಿಯನ್ನು ಹಾಗೇ ಬಿಟ್ಟರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಕತೆ ಇದೆ. ಅಲ್ಲಿನ ಶಾಸನಸಭೆಯ ಕ್ಷೇತ್ರಗಳು 1960ರ ದಶಕ ಬಂದರೂ 1900ರ ಜನಗಣತಿಯ ಮೇಲೆಯೇ ನಿಂತಿದ್ದವು. ಹಳ್ಳಿಗಾಡಿನ ಲೌಂಡ್ಸ್ ಕೌಂಟಿಯ 15,417 ಜನಕ್ಕೆ ಒಬ್ಬ ಸೆನೆಟರ್. ಬರ್ಮಿಂಗ್‌ಹ್ಯಾಮ್ ನಗರವಿದ್ದ ಜೆಫರ್ಸನ್ ಕೌಂಟಿಯ ಆರು ಲಕ್ಷಕ್ಕೂ ಮಿಕ್ಕಿದ ಜನಕ್ಕೂ ಒಬ್ಬನೇ. ಗೆರೆ ಬದಲಿಸಬೇಕಾದವರು ಹಳೆಯ ಗೆರೆಯಿಂದಲೇ ಗೆದ್ದು ಬಂದವರಾದ್ದರಿಂದ ಯಾರಿಗೂ ಅವಸರವಿರಲಿಲ್ಲ. 1964ರಲ್ಲಿ ರೆನಾಲ್ಡ್ಸ್ ವಿರುದ್ಧ ಸಿಮ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ಸಲ್ಲದು ಎಂದಿತು. ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂಬ ಅರ್ಥದ ಮಾತನ್ನು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಆ ತೀರ್ಪಿನಲ್ಲಿ ಬರೆದರು. ಅಂದಿನಿಂದ ಅಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಕೂಡಲೇ ರಾಜ್ಯಗಳು ಕ್ಷೇತ್ರಗಳನ್ನು ಹೊಸದಾಗಿ ಬರೆಯುತ್ತವೆ. ಬಹುಪಾಲು ರಾಜ್ಯಗಳಲ್ಲಿ ಬರೆಯುವವರು ಆಯಾ ಶಾಸಕರೇ. ತಮಗೆ ಬೇಕಾದ ಮತದಾರರನ್ನು ಆರಿಸಿಕೊಳ್ಳುವ ಆ ಚಾಳಿ ಬೇರೆಯೇ ರೋಗ. ನಮ್ಮಲ್ಲಿ ಆ ಕೆಲಸ ಆಯೋಗದ ಕೈಯಲ್ಲಿರುವುದು ದೊಡ್ಡ ಪುಣ್ಯ.

ಆದರೆ ಅಲಬಾಮಾದ ಇನ್ನೊಂದು ರೋಗ, ಹಳೆಯ ಗೆರೆಯ ರೋಗ, ನಮಗೆ ಮತ್ತೆ ಅಂಟಿದೆ. 2001ರ ಅಂಕಿಯ ಮೇಲೆ ನಿಂತ ಗಡಿಗಳಲ್ಲಿ 2023ರ ಚುನಾವಣೆಯೂ ನಡೆಯಿತು. ಬೆಂಗಳೂರು ದಕ್ಷಿಣ ಕ್ಷೇತ್ರದ ಮತದಾರರ ಸಂಖ್ಯೆ ಆರು ಲಕ್ಷ ದಾಟಿತ್ತು. ಶೃಂಗೇರಿ ಕ್ಷೇತ್ರದಲ್ಲಿ ಒಂದೂ ಮುಕ್ಕಾಲು ಲಕ್ಷವೂ ಇರಲಿಲ್ಲ. ಮೂರು ಪಟ್ಟಿಗೂ ಮಿಕ್ಕಿದ ಅಂತರ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಮಾತ್ರ ಇಬ್ಬರಿಗೂ ವರ್ಷಕ್ಕೆ ಎರಡೇ ಕೋಟಿ. ಬೆಂಗಳೂರಿನ ಹೊರವಲಯದ ಬಡಾವಣೆಯವರು, ಟ್ಯಾಂಕರ್ ನೀರು ಕುಡಿಯುತ್ತ ಒಳಚರಂಡಿಗೆ ಕಾಯುವವರು, ತಮ್ಮ ಮತ ಅಗ್ಗವಾಗಿದೆ ಎಂದರೆ ಅವರ ಕಡೆಗೂ ನ್ಯಾಯವಿದೆ.

2011ರ ಅಂಕಿಗಳನ್ನು ಇಟ್ಟು 224 ಸೀಟುಗಳನ್ನೇ ಹಂಚಿದರೆ ಏನಾಗುತ್ತದೆ? ರಾಜ್ಯದ ಜನಸಂಖ್ಯೆ 6,10,95,297, ಸರಾಸರಿ 2,72,747. ಬೆಂಗಳೂರು ನಗರ ಜಿಲ್ಲೆ 96,21,551 ಜನರೊಂದಿಗೆ 35 ಸೀಟಿಗೆ ಏರುತ್ತದೆ. ಇನ್ನೂ ಏಳು ಬೇರೆಡೆಯಿಂದ ಬರಬೇಕು. ಉಡುಪಿಯ 11,77,361ಕ್ಕೆ 4.32, ಅಂದರೆ ಈಗಿನ ಐದು ನಾಲ್ಕಾಗುತ್ತದೆ. ಚಿಕ್ಕಮಗಳೂರಿನದು ಇನ್ನೂ ವಿಚಿತ್ರ. 2001ರಲ್ಲಿ 11,40,905 ಇದ್ದ ಅಲ್ಲಿನ ಜನಸಂಖ್ಯೆ ಹತ್ತು ವರ್ಷದಲ್ಲಿ 11,37,961ಕ್ಕೆ ಇಳಿದಿತ್ತು. ಏರಿಕೆ ನಿಧಾನವಾಗಿದ್ದಲ್ಲ, ನಿಜವಾಗಿಯೂ ಇಳಿಕೆ. ಲೆಕ್ಕಕ್ಕೆ 4.17, ಐದು ನಾಲ್ಕು. 2004ರಲ್ಲಿ ಆರು ಶಾಸಕರನ್ನು ಆರಿಸಿದ ಜಿಲ್ಲೆ ಎರಡೇ ವಿಂಗಡಣೆಯಲ್ಲಿ ಮೂರನೇ ಒಂದು ಪಾಲು ಕಳೆದುಕೊಂಡಂತೆ. ಇದು 2011ರ ಚಿತ್ರ. ಹೊಸ ಜನಗಣತಿಯಲ್ಲಿ ಬೆಂಗಳೂರಿನ ತಟ್ಟೆ ಮೇಲೇಳುವ ಸಂಭವ ಕಾಣುವುದಿಲ್ಲ.

ಜನಸಂಖ್ಯೆ ಹತೋಟಿಯಲ್ಲಿಟ್ಟವರಿಗೆ ಶಿಕ್ಷೆಯೇ ಎಂಬ ಮಾತನ್ನು ಚಿಕ್ಕಮಗಳೂರಿನವರು ಹೇಳಿದರೆ ವಿಧಾನಸೌಧ ಏನು ಉತ್ತರ ಕೊಡುತ್ತದೆ? ರಾಜ್ಯ ಬೇರೆ, ಜಿಲ್ಲೆ ಬೇರೆ ಎನ್ನಬಹುದು. ಅದು ಒಪ್ಪತಕ್ಕದ್ದೇ. ಒಕ್ಕೂಟದಲ್ಲಿ ರಾಜ್ಯಕ್ಕೆ ಭಾಷೆ, ಶಾಸನಸಭೆ, ತೆರಿಗೆಯ ಪಾಲು ಎಂಬ ಸಂವಿಧಾನದತ್ತ ಸ್ಥಾನವಿದೆ. ಜಿಲ್ಲೆ ಸರ್ಕಾರದ ಒಂದು ಅಧಿಸೂಚನೆಯಿಂದ ಹುಟ್ಟುವಂಥದ್ದು; ಉಡುಪಿ 1997ರಲ್ಲಿ ಹುಟ್ಟಿದ್ದೇ ಹಾಗೆ. ಲೋಕಸಭೆಯಲ್ಲಿ ರಾಜ್ಯಗಳ ತೂಕ ಕಾಯಬೇಕು ಎನ್ನುವವರು ವಿಧಾನಸಭೆಯಲ್ಲಿ ಜಿಲ್ಲೆಗಳ ತೂಕವನ್ನೂ ಹಾಗೆಯೇ ಕಾಯಬೇಕೆಂದೇನೂ ಇಲ್ಲ. ಜನ ಕಡಿಮೆಯಾದ ಕಾರಣವೂ ಬರೀ ಕುಟುಂಬ ಯೋಜನೆಯಲ್ಲ. ಕಾಫಿ ತೋಟದ, ಅಡಿಕೆ ತೋಟದ ಮನೆಗಳಲ್ಲಿ ವಯಸ್ಸಾದವರಿಬ್ಬರು ಉಳಿದು ಮಕ್ಕಳು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇರುವುದನ್ನು ಕೊಪ್ಪ, ಶೃಂಗೇರಿ ಕಡೆ ಯಾವ ಊರಿಗೆ ಹೋದರೂ ಕಾಣಬಹುದು. ಆ ಮಕ್ಕಳನ್ನು ಗಣತಿದಾರರು ಎಣಿಸುವುದು ಅವರು ವಾಸವಿರುವ ಬೆಂಗಳೂರಿನಲ್ಲಿ. ಮತದಾನದ ಹಿಂದಿನ ರಾತ್ರಿ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ ಊರಿನ ಬಸ್ಸಿಗೆ ನುಗ್ಗುವವರಲ್ಲೂ ಅವರಿರುತ್ತಾರೆ. ಅವರ ತಲೆ ಬೆಂಗಳೂರಿನ ಸೀಟು ಹೆಚ್ಚಿಸುತ್ತದೆ, ಅವರ ಮತ ಮಲೆನಾಡಿನ ಪೆಟ್ಟಿಗೆಗೆ ಬೀಳುತ್ತದೆ. ಬಿಹಾರ, ಒಡಿಶಾಗಳಿಂದ ಬಂದ ಕಟ್ಟಡ ಕಾರ್ಮಿಕರದ್ದೂ ಇದೇ ಕತೆ. ಕ್ಷೇತ್ರ ಅಳೆಯುವುದು ಜನಸಂಖ್ಯೆಯಿಂದ, ಮತದಾರರ ಪಟ್ಟಿಯಿಂದಲ್ಲ. ಮಕ್ಕಳೂ ಪಟ್ಟಿಯಲ್ಲಿ ಹೆಸರಿಲ್ಲದವರೂ ಶಾಸಕರ ಕೆಲಸ ಬೇಕಾದವರೇ ಆದ್ದರಿಂದ ಆ ಕ್ರಮ ಸರಿ ಎಂದೇ ನನ್ನ ಅನಿಸಿಕೆ.

ಒಟ್ಟು ಸೀಟು ಹೆಚ್ಚಿಸಿಬಿಟ್ಟರೆ ಜಗಳ ಮುಗಿಯುತ್ತದೆ ಎನ್ನುವವರಿದ್ದಾರೆ. ವಿಧಾನಸಭೆಯಲ್ಲಿ 500 ಸದಸ್ಯರವರೆಗೂ ಇರಬಹುದು ಎಂದು ಸಂವಿಧಾನವೇ ಹೇಳುತ್ತದೆ. 224ರ ಜಾಗದಲ್ಲಿ 260 ಎಂದುಕೊಂಡು 2011ರ ಅಂಕಿ ಹಾಕಿ ನೋಡಿದೆ. ಚಿಕ್ಕಮಗಳೂರು, ಉಡುಪಿ ತಮ್ಮ ಐದೈದನ್ನು ಉಳಿಸಿಕೊಳ್ಳುತ್ತವೆ, ಕೊಡಗು ಎರಡರಲ್ಲೇ ಇರುತ್ತದೆ, ಬೆಂಗಳೂರು ನಗರ 41 ಆಗುತ್ತದೆ. ಯಾರ ಕುರ್ಚಿಯೂ ಹೋಗದ್ದರಿಂದ ಶಾಸಕರಿಗೆ ನೆಮ್ಮದಿ. ಬೆಂಗಳೂರಿನ ಪಾಲು ಮಾತ್ರ 35 ಇದ್ದರೂ 41 ಇದ್ದರೂ ಸದನದ ಶೇ 16ರ ಹತ್ತಿರವೇ. ಬಹುಮತದ ಲೆಕ್ಕದಲ್ಲಿ ಎರಡೂ ಒಂದೇ.

ಹಾಗಾದರೆ ಮಲೆನಾಡಿಗೆ ಕೇಳಲು ಏನೂ ಇಲ್ಲವೇ? ಇದೆ, ಮತ್ತು ಅದು ಕುಟುಂಬ ಯೋಜನೆಯ ವಾದಕ್ಕಿಂತ ಗಟ್ಟಿ. ಮರ, ಎಕರೆಗಳನ್ನು ಯಾರೂ ಪ್ರತಿನಿಧಿಸಬೇಕಿಲ್ಲ ಎಂಬುದು ಅಲಬಾಮಾದ ಬಯಲಿಗೆ ಸರಿ. ನಮ್ಮ ಘಟ್ಟದ ಮೇಲೆ ಜನರ ಕಷ್ಟಗಳೇ ಮರ ಮತ್ತು ಎಕರೆಗೆ ಅಂಟಿಕೊಂಡಿವೆ: ಆನೆ ದಾಳಿ, ಅರಣ್ಯ ಹಕ್ಕಿನ ಅರ್ಜಿ, ಸೊಪ್ಪಿನಬೆಟ್ಟ, ಕಸ್ತೂರಿರಂಗನ್ ವರದಿ, ಮಳೆಗಾಲದಲ್ಲಿ ಕುಸಿಯುವ ಗುಡ್ಡ. ನಗರದ ಶಾಸಕರು ಒಂದು ಸಂಜೆಯಲ್ಲಿ ಸುತ್ತಿ ಬರುವಷ್ಟು ಜನರನ್ನು ಕಾಣಲು ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಶಾಸಕರಿಗೆ ವಾರ ಬೇಕು. ಸಂವಿಧಾನ ಕೂಡ ಕ್ಷೇತ್ರಗಳು ಅಚ್ಚುಕಟ್ಟಾಗಿ ಸಮ ಇರಬೇಕು ಎಂದಿಲ್ಲ, ಸಾಧ್ಯವಾದ ಮಟ್ಟಿಗೆ ಸಮ ಇರಲಿ ಎಂದಿದೆ. 2002ರ ಪುನರ್‌ವಿಂಗಡಣಾ ಕಾಯ್ದೆ ಭೂಸ್ವರೂಪ, ಸಂಚಾರದ ಅನುಕೂಲ, ಜನರ ಸೌಕರ್ಯವನ್ನೂ ನೋಡಬೇಕು ಎನ್ನುತ್ತದೆ.

ಈ ಮಾತುಗಳನ್ನು ಅಂಕಿಯಾಗಿ ಬಳಸಿದ ಉದಾಹರಣೆಯೂ ದೇಶದಲ್ಲಿದೆ. ಜಮ್ಮು-ಕಾಶ್ಮೀರಕ್ಕಾಗಿ ನ್ಯಾಯಮೂರ್ತಿ ರಂಜನಾ ದೇಸಾಯಿ ನೇತೃತ್ವದ ಆಯೋಗ 2022ರಲ್ಲಿ ಕೊಟ್ಟ ಆದೇಶದಲ್ಲಿ ಅಲ್ಲಿನ 20 ಜಿಲ್ಲೆಗಳನ್ನು ಮೂರು ವರ್ಗ ಮಾಡಲಾಯಿತು: ಹೆಚ್ಚಾಗಿ ಗುಡ್ಡಗಾಡು, ಗುಡ್ಡ ಬಯಲು ಎರಡೂ ಇರುವಂಥವು, ಹೆಚ್ಚಾಗಿ ಬಯಲು. ಸೀಟು ಹಂಚುವಾಗಲೇ ಸರಾಸರಿಯಲ್ಲಿ ಶೇ 10ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟರು. ಬಯಲಿನ ಕ್ಷೇತ್ರ ಕೊಂಚ ದೊಡ್ಡದು, ಗುಡ್ಡದ ಕ್ಷೇತ್ರ ಕೊಂಚ ಚಿಕ್ಕದು. 2023ರಲ್ಲಿ ಅಸ್ಸಾಮಿನಲ್ಲೂ ಜನಸಾಂದ್ರತೆ ನೋಡಿ ಜಿಲ್ಲೆಗಳನ್ನು ಹೀಗೆ ಮೂರು ವರ್ಗ ಮಾಡಿದರು.

ಇದೇ ರಿಯಾಯಿತಿ ನಮ್ಮ ಘಟ್ಟದ ಜಿಲ್ಲೆಗಳಿಗೆ ಸಿಕ್ಕಿದ್ದರೆ? 2001ರ ಸರಾಸರಿಯಲ್ಲಿ ಹತ್ತನೇ ಒಂದು ಪಾಲು ಕಳೆದರೆ 2,12,346. ಕೊಡಗಿನ 5,48,561ನ್ನು ಅದರಿಂದ ಭಾಗಿಸಿದರೆ 2.58. ಅರ್ಧ ದಾಟಿತು, ಮೂರನೆಯ ಸೀಟು ಉಳಿಯುತ್ತಿತ್ತು. 2011ರ ಲೆಕ್ಕದಲ್ಲಿ ರಿಯಾಯಿತಿಯ ಸರಾಸರಿ 2,45,472, ಚಿಕ್ಕಮಗಳೂರು 4.64, ಐದು ಸೀಟು ಭದ್ರ. ಕೊಡಗಿಗೆ ಮಾತ್ರ ಈಗ ಇದೂ ಸಾಲದು, 2.26ಕ್ಕೆ ನಿಲ್ಲುತ್ತದೆ. ಅಂತೂ ಅಲಬಾಮಾದ ನಲವತ್ತು ಪಟ್ಟಿನ ಅನ್ಯಾಯಕ್ಕೂ ಹತ್ತು ಶೇಕಡದ ಈ ಸಡಿಲಿಕೆಗೂ ಅಜಗಜಾಂತರ. ಬೆಂಗಳೂರಿನವರು ಗೊಣಗದೆ ಬಿಟ್ಟುಕೊಡಬಹುದಾದಷ್ಟು ಸಣ್ಣ ಪಾಲು ಇದು.

ಕೇಳುವುದಿದ್ದರೆ ಹೊತ್ತಿಗೆ ಸರಿಯಾಗಿ ಕೇಳಬೇಕು. 2002ರಲ್ಲಿ ಜಾರಿಗೆ ಬಂದ 84ನೇ ತಿದ್ದುಪಡಿ ಹಾಕಿದ ಬೀಗ ತೆರೆಯುವುದು 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾದ ಮೇಲೆ. ದೇಶದ ಬಹುಪಾಲು ಭಾಗಕ್ಕೆ 2027ರ ಮಾರ್ಚ್ 1 ಎಣಿಕೆಯ ದಿನ ಎಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಡಿಸಿತು. ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿಯೂ 2023ರಲ್ಲಿ ಅಂಗೀಕಾರವಾದಾಗ ಜನಗಣತಿ ಮತ್ತು ಪುನರ್‌ವಿಂಗಡಣೆಗೆ ಗಂಟು ಹಾಕಿಕೊಂಡೇ ಬಂದಿತ್ತು. 224ರಲ್ಲಿ ಮೂರನೇ ಒಂದು ಎಂದರೆ ಸುಮಾರು 75 ಕ್ಷೇತ್ರ. ಯಾವ ಕ್ಷೇತ್ರ ಮಹಿಳೆಯರಿಗೆ ಹೋಗುತ್ತದೆ ಎಂಬ ತಳಮಳ ಎದ್ದ ಮೇಲೆ ಹೋಬಳಿ ಗಡಿಯ ಮಾತು ಯಾರ ಕಿವಿಗೂ ಬೀಳುವುದಿಲ್ಲ.

2002ರ ಕಾಯ್ದೆಯ ಮಾದರಿಯಲ್ಲೇ ಮುಂದಿನ ಆಯೋಗವೂ ಬಂದರೆ ಅದರ ಜೊತೆ ರಾಜ್ಯದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂರುತ್ತಾರೆ. ಅವರು ಮಾತಾಡಬಹುದು, ಮತ ಹಾಕುವಂತಿಲ್ಲ, ಸಹಿ ಮಾಡುವಂತಿಲ್ಲ. ಕರಡು ರಾಜ್ಯಪತ್ರದಲ್ಲಿ, ಪತ್ರಿಕೆಗಳಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಗಡುವು ಇರುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಅಂತಿಮ ಆದೇಶ ಬಂದ ಮೇಲೆ ಅದಕ್ಕೆ ಕಾನೂನಿನ ಬಲ; ಕೋರ್ಟಿನಲ್ಲಿ ಪ್ರಶ್ನಿಸಲಾಗದು ಎಂದು ಮೇಘರಾಜ್ ಕೊಠಾರಿ ಪ್ರಕರಣದಲ್ಲಿ 1966ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಹೇಳಿತ್ತು. ಕಣ್ಣಿಗೆ ರಾಚುವಷ್ಟು ಮನಸೋಇಚ್ಛೆಯ ಆದೇಶವಾದರೆ ಪರಿಶೀಲಿಸಬಹುದು ಎಂಬ ಸಣ್ಣ ಕಿಂಡಿಯನ್ನು 2024ರಲ್ಲಿ ಅದೇ ಕೋರ್ಟ್ ತೆರೆದಿದೆ. ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ. ವಿಚಾರಣೆಯ ದಿನ ನಮ್ಮ ಕ್ಷೇತ್ರ ತೆಗೆಯಬೇಡಿ ಎಂದು ಘೋಷಣೆ ಕೂಗಿದರೆ ಆಯೋಗದ ಮುಂದಿರುವ ಕೋಷ್ಟಕ ಬದಲಾಗದು. ಇಂಥ ಹೋಬಳಿ ಅಲ್ಲಿಗೆ ಬೇಡ ಇಲ್ಲಿಗೆ ಬರಲಿ, ಅದರ ಜನಸಂಖ್ಯೆ ಇಷ್ಟು, ಆಗ ಎರಡೂ ಕ್ಷೇತ್ರ ಶೇ 10ರ ಒಳಗೇ ಇರುತ್ತವೆ, ನಡುವೆ ಸೇತುವೆಯಿಲ್ಲದ ಹೊಳೆ ಇದೆ ಎಂದು ಬರೆದುಕೊಟ್ಟ ಅರ್ಜಿಗೆ ಉತ್ತರ ಹೇಳಬೇಕಾಗುತ್ತದೆ.